ಕಾರು ಒರೆಸುವ ಟವೆಲ್ ಬಗ್ಗೆ ಸ್ವಲ್ಪ ಗಮನ ಕೊಡಿ

ಕಾರು ತೊಳೆದು ಹಾಗೇ ಬಿಸಿಲಿಗೆ ಬಿಡಬೇಡಿ. ಬೋರ್‌ವೆಲ್ ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಒಣಗಿ ಬಿಳಿ ಕಲೆಯಾಗಿ ಕೂರುತ್ತದೆ, ಆಮೇಲೆ ಸುಲಭಕ್ಕೆ ಹೋಗುವುದಿಲ್ಲ. ಹಳೇ ಬನಿಯನ್, ಪಂಚೆ ತುಂಡು ಬೇಡವೇ ಬೇಡ. ಸಿಕ್ಕಿಕೊಂಡ ಧೂಳನ್ನು ಪೇಂಟ್ ಮೇಲೆ ಎಳೆದು ಸಣ್ಣ ಸಣ್ಣ ಗೀರು ಮಾಡುತ್ತವೆ, ಕಪ್ಪು ಕಾರಿದ್ದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ ಅಲ್ವಾ?

ಮೈಕ್ರೋಫೈಬರ್ ಟವೆಲ್ ತಗೊಳ್ಳಿ. ಪ್ಯಾಕೆಟ್ ಮೇಲೆ ಜಿಎಸ್‌ಎಂ ಅಂತ ಇರುತ್ತದೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 300ರದ್ದು ಡ್ಯಾಶ್‌ಬೋರ್ಡ್ ಒರೆಸಲು ಸಾಕು, ನೀರು ಹೀರಲು 500ಕ್ಕಿಂತ ಜಾಸ್ತಿ ಇರುವುದೇ ಒಳ್ಳೆಯದು. ಅಂಚು ಮೆತ್ತಗಿದೆಯಾ ನೋಡಿ, ಲೇಬಲ್ ಕತ್ತರಿಸಿಬಿಡಿ. ಒತ್ತಿ ಉಜ್ಜಬೇಡಿ. ಮೇಲೆ ಹಾಸಿ ಮೆಲ್ಲಗೆ ಎಳೆಯಿರಿ, ರೂಫ್‌ನಿಂದ ಶುರು ಮಾಡಿ. ಟವೆಲ್ ನೆಲಕ್ಕೆ ಬಿತ್ತಾ? ಒಗೆಯುವ ತನಕ ಪೇಂಟ್‌ಗೆ ಮುಟ್ಟಿಸಲೇಬೇಡಿ. ಚಕ್ರಕ್ಕೆ ಬೇರೆ ಬಟ್ಟೆ.

ಒಗೆಯುವಾಗ ದಯವಿಟ್ಟು ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಒಳ್ಳೆ ಟವೆಲ್ ಸುಮ್ನೆ ನೀರನ್ನು ಆ ಕಡೆ ಈ ಕಡೆ ತಳ್ಳುತ್ತದೆ ಅಷ್ಟೇ. ಹತ್ತಿ ಬಟ್ಟೆ ಜೊತೆಯೂ ಬೇಡ, ಅದರ ನಾರೆಲ್ಲ ಅಂಟಿಕೊಳ್ಳುತ್ತದೆ. ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್, ತಣ್ಣೀರು ಸಾಕು. ನೆರಳಲ್ಲಿ ಒಣಗಿಸಿ, ಧೂಳು ಕೂರದಂತೆ ಮುಚ್ಚಳವಿರುವ ಡಬ್ಬದಲ್ಲಿಡಿ.