ಬೆಂಗಳೂರಿಗೆ ಹೊಸಬರೇ, ಕೆರೆಯ ಏರಿ ಹತ್ತುವ ಮುನ್ನ

ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಈ ಊರಿನಲ್ಲಿ ಮೊದಲು ಕಾಲಿಡುವುದೇ ಕೆರೆಯ ಅಂಗಳದಲ್ಲಿ. ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಬೊಮ್ಮಸಂದ್ರ, ಜಕ್ಕಸಂದ್ರ, ಸಿಂಗಸಂದ್ರ ಎಂಬ ಹೆಸರುಗಳ ಬಾಲದಲ್ಲಿರುವ ‘ಸಂದ್ರ’ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ವರ್ಷವಿಡೀ ತುಂಬಿ ಹರಿಯುವ ಹೊಳೆ ಊರೊಳಗೆ ಇಲ್ಲದ್ದರಿಂದ, ತಗ್ಗಿದ್ದಲ್ಲೆಲ್ಲ ಅಡ್ಡ ಏರಿ ಹಾಕಿ ಮಳೆನೀರು ನಿಲ್ಲಿಸಿಕೊಂಡವರು ಇಲ್ಲಿನ ಹಿಂದಿನವರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಊರಿನ ಕೆರೆಗಳೆಲ್ಲ ಹೆಚ್ಚುಕಡಿಮೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳ ಸರಪಳಿಯಲ್ಲಿ ಕೂತಿವೆ.

ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಕೆರೆಗೆ ಹೋದಾಗ ಏರಿ ಯಾವ ಕಡೆ, ನೀರು ಬರುವುದು ಎಲ್ಲಿಂದ, ಹೋಗುವುದು ಎಲ್ಲಿಗೆ ಎಂಬ ಮೂರು ಗೊತ್ತಾದರೆ, ಹಕ್ಕಿ ಎಲ್ಲಿ ಸಿಗುತ್ತದೆ, ವಾಸನೆ ಎಲ್ಲಿ ಹೊಡೆಯುತ್ತದೆ, ಅಪಾಯ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆಯವರಿಗೆ ಏರಿ, ತೂಬು, ಕೋಡಿ ಹೇಳಿಕೊಡಬೇಕಾಗಿಲ್ಲ. ಕರಾವಳಿ, ಮಲೆನಾಡಿನವರಿಗೆ ಈ ಮಾತು: ನೇರವಾಗಿ, ಎತ್ತರವಾಗಿ, ಕಲ್ಲು ಹಾಸಿ ಕಟ್ಟಿದ ದಂಡೆ ಕಂಡರೆ ಅದು ಏರಿ. ನೀರು ಅತಿ ಆಳ ಇರುವುದು ಅದರ ಬುಡದಲ್ಲೇ, ಅದರಲ್ಲೂ ನೀರು ಹೊರಬಿಡುವ ತೂಬಿನ ಹತ್ತಿರ. ಏರಿಯ ಎದುರು ದಂಡೆ ಇಳಿಜಾರಾಗಿ, ಕೆಸರು, ಜೊಂಡು ತುಂಬಿಕೊಂಡಿರುತ್ತದೆ. ಕಾಲುವೆ ಬಂದು ಸೇರುವುದು ಅಲ್ಲಿ. ಮೊಣಕಾಲುದ್ದದ ನೀರಿನಲ್ಲಿ ನಿಂತು ಮೇಯುವ ಬೆಳ್ಳಕ್ಕಿ, ಬಣ್ಣದ ಕೊಕ್ಕರೆಗಳೂ ಅಲ್ಲೇ. ಕಾಲುವೆಗೆ ಒಳಚರಂಡಿ ಸೇರಿದ್ದರೆ ದುರ್ನಾತವೂ ಅಲ್ಲೇ ಶುರು.

ನೀರುಕಾಗೆ, ಗುಳುಮುಳುಕದಂಥ ಮುಳುಗುವ ಹಕ್ಕಿಗಳಿಗೆ ಆಳ ಬೇಕು, ಹಾಗಾಗಿ ಅವು ಏರಿಯ ಕಡೆಗೂ ಬರುತ್ತವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಸುತ್ತಲೂ ಒಂದೇ ಸಮ ಹೂಳು ತೆಗೆದು ಬಟ್ಟಲಿನ ಹಾಗೆ ಮಾಡಿದ ಕೆರೆಗಳಿವೆ. ನೋಡಲು ಅಚ್ಚುಕಟ್ಟು, ನಡೆಯಲು ಚೆಂದ, ಆದರೆ ಕಾಲೂರಿ ಮೇಯುವ ಹಕ್ಕಿಗೆ ಅಲ್ಲಿ ನೆಲೆಯಿಲ್ಲ. ಕೆರೆಗೆ ಕೆಸರಿನ ಅಂಚು ಇರಲೇಬೇಕು. ಅದನ್ನು ಗಲೀಜು ಎಂದುಕೊಳ್ಳಬೇಡಿ.

ಹೊತ್ತಿನ ವಿಷಯ. ಬಹುತೇಕ ಕೆರೆಗಳಿಗೆ ಬೇಲಿ, ಗೇಟು, ಕಾವಲುಗಾರ ಇದ್ದಾರೆ. ಸಾಮಾನ್ಯವಾಗಿ ಬೆಳಿಗ್ಗೆ ಮೂರ್ನಾಲ್ಕು ಗಂಟೆ, ಸಂಜೆ ಎರಡು-ಮೂರು ಗಂಟೆ ತೆರೆದು ಮಧ್ಯಾಹ್ನ ಬೀಗ ಹಾಕುತ್ತಾರೆ. ಗೇಟಿನ ಫಲಕ ಓದಿಕೊಳ್ಳಿ. ನಾಯಿ, ಸೈಕಲ್, ದೊಡ್ಡ ಕ್ಯಾಮೆರಾ ಬಿಡುವುದಿಲ್ಲ ಎಂದು ಹಲವು ಕಡೆ ಅದರಲ್ಲೇ ಬರೆದಿರುತ್ತದೆ. ಜೂನ್‌ನಲ್ಲಿ ಸೂರ್ಯ 6 ಗಂಟೆಗೆ ಸ್ವಲ್ಪ ಮೊದಲೇ ಹುಟ್ಟುತ್ತಾನೆ. ಜನವರಿಯಲ್ಲಿ 6.45ರ ಹೊತ್ತಾಗುತ್ತದೆ, ನೀರಿನ ಮೇಲೆ ಮಂಜೂ ಇರುತ್ತದೆ, ಹಾಗಾಗಿ ಚಳಿಗಾಲದಲ್ಲಿ 7ಕ್ಕೆ ಮುಂಚೆ ಹಕ್ಕಿ ನೋಡಲು ಹೋಗಿ ಪ್ರಯೋಜನವಿಲ್ಲ. ಬೆಳಿಗ್ಗೆ ಕೆರೆಯ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬಿಸಿಲು ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲವೂ ಕಪ್ಪು ಬೊಂಬೆ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಎಂದು ಕೇಳಿ. 8 ಎಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, 42 ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಅದಕ್ಕಿಂತ ಹೆಚ್ಚು ಹಿಗ್ಗಿಸುವುದನ್ನು ಕೊಂಡರೆ ಕೈ ನಡುಗಿದ್ದೂ ಅಷ್ಟೇ ಹಿಗ್ಗುತ್ತದೆ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾವು ಹೇಳುವುದು ಜಕ್ಕೂರು ಕೆರೆ. ಸುಮಾರು 160 ಎಕರೆ. ಉತ್ತರದ ತುದಿಯಲ್ಲಿ ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕವಿದೆ. ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆಸಿದ ಜೌಗಿನಲ್ಲಿ ನಿಧಾನವಾಗಿ ಹಾದು ಬರುತ್ತದೆ. ಘಟಕ ತೆಗೆಯಲಾಗದೆ ಬಿಟ್ಟ ಸಾರಜನಕ, ರಂಜಕವನ್ನು ಜೊಂಡಿನ ಬೇರು ಹೀರಿಕೊಳ್ಳುತ್ತದೆ. ಅದಿಲ್ಲದಿದ್ದರೆ ಆ ಗೊಬ್ಬರವೆಲ್ಲ ಕೆರೆಗೆ ಬಂದು ಅಂತರಗಂಗೆ ಹಬ್ಬಿ ನೀರೇ ಕಾಣದಂತಾಗುತ್ತದೆ. ಬೇಸಿಗೆಯಲ್ಲಿ ಬೇರೆ ಕೆರೆ ಬತ್ತಿದಾಗಲೂ ಇಲ್ಲಿ ನೀರಿರುವುದಕ್ಕೆ ಘಟಕದಿಂದ ಬರುವ ಈ ನೀರೇ ಕಾರಣ. ಜೌಗಿನ ಪಕ್ಕ ಕಾಲು ಗಂಟೆ ಮಾತಿಲ್ಲದೆ ನಿಲ್ಲಿ. ಬೆಳಿಗ್ಗೆ ಮೀನುಗಾರರ ತೆಪ್ಪ ನೀರಿನಲ್ಲಿರುತ್ತದೆ. ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು ನಮಗಿಂತ ಮೊದಲಿನಿಂದ ಕೆರೆಗೆ ಸೇರಿದವರು. ಕಾಲುದಾರಿಯಲ್ಲಿ ಅವರಿಗೆ ಜಾಗ ಬಿಡಿ, ಕೇಳದೆ ಫೋಟೋ ತೆಗೆಯಬೇಡಿ. ಇಲ್ಲಿ ಕೋಡಿ ಬಿದ್ದ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಕಾಲಿಗೆ ಕಸುವಿದ್ದವರು ಒಂದೇ ಬೆಳಿಗ್ಗೆ ಎರಡನ್ನೂ ನೋಡಬಹುದು.

ಮಿಕ್ಕವು ಬೇಗ ಹೇಳಬಹುದು. ಲಾಲ್‌ಬಾಗ್‌ಗೆ ಮೆಟ್ರೊ ಹಸಿರು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣ. ಒಳಗೆ ಕೆರೆಯೂ ಇದೆ, 300 ಕೋಟಿ ವರ್ಷ ಹಳೆಯ ಬಂಡೆಯೂ ಇದೆ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ವಾಕಿಂಗ್‌ಗೆ ಚೆನ್ನ, ಹಕ್ಕಿಗೆ ಸಾಧಾರಣ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 48 ಎಕರೆ. ಅಕ್ಕಪಕ್ಕದ ನಿವಾಸಿಗಳು ಪಾಲಿಕೆಯ ಜೊತೆ ನಿಂತು ಉಳಿಸಿಕೊಂಡದ್ದು, ಮಕ್ಕಳಿಗೆ ಹಿಡಿಸುತ್ತದೆ. ಹೆಬ್ಬಾಳದಲ್ಲಿ ಮೇಲ್ಸೇತುವೆಯ ಸದ್ದು ತಪ್ಪದು, ಆದರೂ ಹೆಜ್ಜಾರ್ಲೆಗಳು (ಪೆಲಿಕನ್) ಬರುತ್ತವೆ. ಬೆಳ್ಳಂದೂರು ಊರಿನ ಅತಿ ದೊಡ್ಡ ಕೆರೆ, ವಾಕಿಂಗ್‌ಗೆ ಆರಿಸಿಕೊಳ್ಳುವಂಥದ್ದಲ್ಲ. ಸೋಪಿನ ಅಂಶ ತುಂಬಿದ ನೀರು ಕೋಡಿಯಲ್ಲಿ ಧುಮುಕಿ ಕಡೆದಂತಾಗಿ ನೊರೆ ಏಳುತ್ತಿತ್ತು, 2018ರ ಜನವರಿಯಲ್ಲಿ ಬೆಂಕಿಯೂ ಬಿತ್ತು. ಎಲ್ಲಾದರೂ ನೊರೆ ಕಂಡರೆ ಮುಟ್ಟಬೇಡಿ, ಗಾಳಿ ಅದನ್ನು ಹೊತ್ತು ತರುವ ಕಡೆ ನಿಲ್ಲಬೇಡಿ.

ವಲಸೆ ಬಾತುಗಳು ಬರುವುದು ಚಳಿಗಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿಯವರೆಗೆ. ಆದರೆ ಮೊದಲ ಸಲ ಹತ್ತು ಹಕ್ಕಿ ಗುರುತಿಸಲು ಹೋಗಬೇಡಿ, ಎರಡನ್ನು ಸರಿಯಾಗಿ ನೋಡಿ. ನಾಮದ ಕೋಳಿ: ಮೈಯೆಲ್ಲ ಇದ್ದಿಲ ಬಣ್ಣ, ಹಣೆಯ ಮೇಲೆ ಎದ್ದು ಕಾಣುವ ಬಿಳಿ ನಾಮ. ಬಾತಿನ ಹಾಗೆ ತೇಲಿದರೂ ಬಾತಲ್ಲ. ಕಾಲ್ಬೆರಳುಗಳ ನಡುವೆ ಪೊರೆಯಿಲ್ಲ, ಪ್ರತಿ ಬೆರಳಿಗೂ ಬೇರೆ ಬೇರೆ ಚಪ್ಪಟೆ ಅಂಚು. ಹಾರಬೇಕಾದರೆ ನೀರಿನ ಮೇಲೆ ದಬದಬ ಓಡಿಯೇ ಏಳಬೇಕು. ಹಾಗಾಗಿ ಅಂಚಿಗೆ ಹೋಗಿ ಚಪ್ಪಾಳೆ ತಟ್ಟಿ ಎಬ್ಬಿಸಿದರೆ ಅದಕ್ಕೆ ಬಹಳ ಶಕ್ತಿ ಖರ್ಚು. ಇನ್ನೊಂದು ನೀರುಕಾಗೆ. ಬಂಡೆಯ ಮೇಲೋ ಒಣಕೊಂಬೆಯ ಮೇಲೋ ರೆಕ್ಕೆ ಹರಡಿ ನಿಂತಿರುತ್ತದೆ. ಅದರ ಗರಿ ನೀರು ಹೀರಿಕೊಳ್ಳುತ್ತದೆ, ಅದರಿಂದಲೇ ಮೈ ಹಗುರಾಗಿ ತೇಲದೆ ಸುಲಭವಾಗಿ ಮುಳುಗುತ್ತದೆ. ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಬೇಕು.

ಬ್ರೆಡ್ಡು, ಮಂಡಕ್ಕಿ ನೀರಿಗೆ ಎಸೆಯಬೇಡಿ. ಪುಣ್ಯದ ಕೆಲಸ ಎಂದೇ ಮಾಡುತ್ತೀರಿ, ಆದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿ ಬಿಸಿಯಾಗಿ ಆಮ್ಲಜನಕ ಮೊದಲೇ ಕಡಿಮೆ. ಕೊಳಚೆ ನುಗ್ಗಿದರೆ, ಅಥವಾ ಮೊದಲ ಮಳೆ ಚರಂಡಿಯ ಕೊಳೆಯನ್ನೆಲ್ಲ ಒಮ್ಮೆಗೇ ತಂದು ಸುರಿದರೆ ಮೀನು ಉಸಿರುಗಟ್ಟಿ ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಮೀನುಗಳು ಬೆಳಿಗ್ಗೆ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಕಾವಲುಗಾರರಿಗೆ ಕೂಡಲೇ ಹೇಳಿ. ಗಣೇಶನನ್ನು ಬಿಡಲು ಹಲವು ಕೆರೆಗಳ ಪಕ್ಕ ಬೇರೆಯೇ ಕಲ್ಯಾಣಿ ಕಟ್ಟಿದ್ದಾರೆ, ಅಲ್ಲೇ ಬಿಡಿ.

ಕಾಲುದಾರಿಯಲ್ಲಿ ಹಾವು ಕಂಡರೆ ನಿಂತು ದಾರಿ ಬಿಡಿ. ಹೆಚ್ಚಾಗಿ ಅದು ವಿಷವಿಲ್ಲದ ನೀರೊಳ್ಳೆ. ಆದರೆ ಕೊಳಕುಮಂಡಲವೂ ನಾಗರವೂ ಊರಲ್ಲಿವೆ, ಹುಲ್ಲಿನಲ್ಲಿ ಚಪ್ಪಲಿ ಬೇಡ, ಬೂಟು ಇರಲಿ. ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಕಚ್ಚಿದ ಭಾಗ ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ಕಚ್ಚಿದರೆ, ಬರಿ ಗೀರಾದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಹಾಕಿಸಿಕೊಳ್ಳಿ.

ಊರ ಹೊರಗಿನ ಜಲಾಶಯಗಳದ್ದು ಬೇರೆ ಲೆಕ್ಕ. ಅರ್ಕಾವತಿಯ ಮೇಲಿನ ಹೆಸರಘಟ್ಟದಿಂದ 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಬಂತು. ಈಗ ಅಲ್ಲಿಗೆ ಹೋಗುವುದು ಹೆಚ್ಚಾಗಿ ಹುಲ್ಲುಗಾವಲಿಗಾಗಿ. ಚಳಿಗಾಲದಲ್ಲಿ ಸೆಳೆವ ಎಂಬ ಬೇಟೆಹಕ್ಕಿಗಳು ಹುಲ್ಲಿನ ಮೇಲೆ ತಗ್ಗಿ ಹಾರುತ್ತ ಬೇಟೆ ಹುಡುಕುತ್ತವೆ. ಅದು ಬಂಜರು ನೆಲವಲ್ಲ, ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳ ಮನೆ. ಕಾರು, ಬೈಕು ರಸ್ತೆ ಬಿಟ್ಟು ಇಳಿಸಲೇಬೇಡಿ. 1933ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಅನುಮತಿಯಿಲ್ಲದೆ ಬಿಡುವುದಿಲ್ಲ, ಗೇಟಿನಲ್ಲಿ ವಾದ ಮಾಡಿ ಫಲವಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆ ನೋಡಲು ಬಹಳ ಸುಂದರ, ಸಾವನದುರ್ಗವೂ ಅದರ ಹತ್ತಿರವೇ. ಅಲ್ಲಿ ಎಷ್ಟೋ ಹುಡುಗರು ನೀರುಪಾಲಾಗಿದ್ದಾರೆ. ಹೊಳೆಯಲ್ಲಿ, ಕಡಲಲ್ಲಿ ಈಜಿ ಬೆಳೆದವರೇ ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು, ಈಜು ಬರುತ್ತದೆಂಬ ಧೈರ್ಯ ಇಲ್ಲಿ ಕೈಕೊಡುತ್ತದೆ. ಜಲಾಶಯದ ತಳ ಹೂಳು, ಕಾಲು ಹೂತರೆ ಎಳೆದಷ್ಟೂ ಕೆಳಗೆ. ಮುಳುಗಡೆಯಾದ ನೆಲದ ಹಳ್ಳ, ಕಲ್ಲು, ಗಿಡದ ಬೊಡ್ಡೆ ಮೇಲಿನಿಂದ ಕಾಣುವುದಿಲ್ಲ, ಎರಡು ಹೆಜ್ಜೆಯಲ್ಲಿ ಸೊಂಟದ ನೀರು ಆಳುದ್ದವಾಗುತ್ತದೆ. ಅಣೆಕಟ್ಟೆಯ ಕೆಳಗಿನ ಬಂಡೆಗಳ ಮೇಲೆ ಕೂತು ಊಟ ಮಾಡುವುದೂ ಬೇಡ, ನೀರು ಬಿಟ್ಟರೆ ಓಡಲು ಸಮಯ ಸಿಗದು. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ಹಗ್ಗ, ದುಪಟ್ಟಾ, ಪಂಚೆ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆದು ಎಳೆಯಿರಿ, 112ಕ್ಕೆ ಕರೆ ಮಾಡಿ.

ಮಕ್ಕಳೊಂದಿಗೆ ಒಂದು ಇಡೀ ದಿನ ಬಿಡುವಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಸುಮಾರು 80 ಕಿಲೋಮೀಟರ್. ಬೆಂಗಳೂರಿನ ಕೆರೆಗಳಲ್ಲಿ ಕಂಡ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ನೋಡಿಕೊಳ್ಳುತ್ತಾರೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಗಾಡಿ ಊರಿನ ಹೊರಗೇ ನಿಲ್ಲಿಸಿ, ಹಾರ್ನ್ ಮಾಡಬೇಡಿ, ತಲೆಗೆ ಟೋಪಿ ಇರಲಿ, ಗೂಡಿರುವ ಮರದ ನೇರ ಕೆಳಗೆ ನಿಲ್ಲಬೇಡಿ. ಮರಿ ಕೆಳಗೆ ಬಿದ್ದಿದ್ದರೆ ನೀವು ಎತ್ತಿಕೊಳ್ಳದೆ ಹತ್ತಿರದ ಮನೆಯವರನ್ನು ಕರೆಯಿರಿ, ಏನು ಮಾಡಬೇಕೆಂದು ಅವರಿಗೆ ಗೊತ್ತು.