ಪ್ಲೂಟೋ ಪುಸ್ತಕ ತೋರಿಸಿ ಲೈಬ್ರರಿ ಬಜೆಟ್ ತಂದಿದ್ದು: ನನ್ನ ಅನುಭವ

ಶಾಲೆ ಲೈಬ್ರರಿ ನಡೆಸೋರಿಗೆ ಅಂತಾನೇ ಬರೀತಿದ್ದೀನಿ, ಹಾಗಾಗಿ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳ ದಾಖಲೆ), ಡ್ಯೂಯಿ ನಂಬರ್ (ವಿಷಯದ ಪ್ರಕಾರ ಪುಸ್ತಕ ಜೋಡಿಸೋ ಸಂಖ್ಯೆ) ಎಲ್ಲ ಹೆಚ್ಚು ವಿವರಿಸಲ್ಲ. ನಮ್ಮ ಬಜೆಟ್ ವರ್ಷಾವರ್ಷ ಕಟ್ ಆಗ್ತಾ ಆಗ್ತಾ ಬೈಂಡಿಂಗಿಗೂ ಸಾಲದ ಹಾಗಾಗಿತ್ತು, ಈಗ ಆಗಿನದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟಿದೆ. ಬೇರೆ ಶಾಲೆ ಲೈಬ್ರರಿಯನ್ನರು "ಪುಸ್ತಕ ತೆಗೆದುಹಾಕಿ ಆಮೇಲೆ ದುಡ್ಡು ಕೇಳ್ತೀರಾ, ಇರೋದೂ ಹೋಗುತ್ತೆ ನೋಡಿ" ಅಂದಿದ್ರು. ಹೋಗಲಿಲ್ಲ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಕೈಕೊಟ್ಟಿದ್ದೆಲ್ಲ ಹೇಳಿಬಿಡ್ತೀನಿ. ಪಿಪಿಟಿ ಮಾಡಿದ್ದೆ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ 1931ರ ಐದು ಸೂತ್ರ, ಇಫ್ಲಾ (ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ) ಮತ್ತು ಯುನೆಸ್ಕೋದ 1999ರ ಶಾಲಾ ಗ್ರಂಥಾಲಯ ಪ್ರಣಾಳಿಕೆ, ಅಮೆರಿಕದ ಕೊಲರಾಡೋ ಅಧ್ಯಯನ, ಎಲ್ಲ ಇತ್ತು. ಲೈಬ್ರರಿ ಗಟ್ಟಿಯಾಗಿರೋ ಶಾಲೆಗಳಲ್ಲಿ ಮಕ್ಕಳ ಓದಿನ ಅಂಕ ಜಾಸ್ತಿ ಅಂತ ತೋರಿಸಿದ ಒಳ್ಳೇ ಅಧ್ಯಯನ ಅದು, ಆದ್ರೆ ಪ್ರಿನ್ಸಿಪಾಲರು "ಅದು ಅವರ ಶಾಲೆ ಮೇಡಂ, ನಮ್ಮಲ್ಲೇನಾಗಿದೆ ಹೇಳಿ" ಅಂದ್ರು. ಸರಿಯಾದ ಪ್ರಶ್ನೆನೇ. ಮುಂದಿನ ವರ್ಷ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರಿಂದ ರಿಪೋರ್ಟ್ ತೆಗೆದು ಇಶ್ಯೂ, ಅಂದ್ರೆ ಓದೋಕೆ ಪುಸ್ತಕ ಕೊಟ್ಟಿದ್ದು, ಎಷ್ಟು ಸಾವಿರ ಏರಿದೆ ಅಂತ ಗ್ರಾಫ್ ಹಾಕಿ ಕೊಟ್ಟೆ, "ಹಾಗಾದ್ರೆ ಇರೋ ಪುಸ್ತಕದಲ್ಲೇ ಚೆನ್ನಾಗಿ ನಡೀತಿದೆಯಲ್ಲ" ಅಂತ ಮತ್ತೆ ಕಟ್ ಮಾಡಿದ್ರು! ಓದಿನ ಸಪ್ತಾಹ ಮಾಡಿದ್ವಿ, ಫೋಟೋ ಬಂತು, ಚಪ್ಪಾಳೆ ಬಂತು, ದುಡ್ಡು ಬರ್ಲಿಲ್ಲ.

ದಾರಿ ಸಿಕ್ಕಿದ್ದು 500ರ ಶೆಲ್ಫಲ್ಲಿ, ಅಂದ್ರೆ ಡ್ಯೂಯಿ ಪ್ರಕಾರ ವಿಜ್ಞಾನದ ಶೆಲ್ಫಲ್ಲಿ. ವಿಜ್ಞಾನ ಪುಸ್ತಕಗಳ ಪ್ರಕಟಣೆ ವರ್ಷದ ಸರಾಸರಿ ತೆಗೆದಾಗ ತೊಂಬತ್ತರ ದಶಕದ ಮಧ್ಯಕ್ಕೆ ಬಂದು ನಿಂತಿತ್ತು. ಆದ್ರೆ ಸರಾಸರಿ ಅಂತ ಒಂದು ನಂಬರ್ ಹೇಳಿದ್ರೆ ಯಾರಿಗೂ ಬಿಸಿ ಮುಟ್ಟಲ್ಲ, ಅದಕ್ಕೆ ಪುಸ್ತಕಗಳನ್ನೇ ಎತ್ಕೊಂಡು ಹೋದೆ, ಅದೂ ಪ್ರಿನ್ಸಿಪಾಲ್ ರೂಮಿಗಲ್ಲ, ವಿಜ್ಞಾನ ವಿಭಾಗದ ಮೀಟಿಂಗಿಗೆ. ಒಂದರಲ್ಲಿ ಒಂಬತ್ತು ಗ್ರಹ ಇತ್ತು, ಪ್ಲೂಟೋನ ಕುಬ್ಜಗ್ರಹ ಅಂತ ಮಾಡಿದ್ದು 2006ರಲ್ಲಿ. ಇನ್ನೊಂದರ ಆವರ್ತ ಕೋಷ್ಟಕದಲ್ಲಿ ಏಳನೇ ಸಾಲು ಅರ್ಧಕ್ಕೇ ನಿಂತಿತ್ತು, 113, 115, 117, 118ನೇ ಧಾತುಗಳಿಗೆ ಹೆಸರಿಟ್ಟಿದ್ದು 2016ರಲ್ಲಿ. ಸಮಾಜ ವಿಭಾಗದವರಿಗೆ ಅಟ್ಲಾಸ್ ಕೊಟ್ಟೆ, 2011ರಲ್ಲಿ ಹುಟ್ಟಿದ ದಕ್ಷಿಣ ಸುಡಾನ್ ಅದರಲ್ಲಿ ಇಲ್ಲವೇ ಇಲ್ಲ. ವಿಜ್ಞಾನದ ಮೇಡಂ ಒಬ್ರು ಪುಸ್ತಕ ತಿರುವಿ ಹಾಕ್ತಾ "ಓ ಇದನ್ನ ನೋಡ್ಕೊಂಡೇ ಆ ಹುಡುಗಿ ಪ್ರಾಜೆಕ್ಟಲ್ಲಿ ಒಂಬತ್ತು ಗ್ರಹ ಬರೆದಿದ್ದು, ನಾನು ಅಂಕ ಕಳೆದಿದ್ದೆ" ಅಂದ್ರು. ನಾನು ಏನೂ ಕೇಳ್ಲಿಲ್ಲ. ಹೊಸ ಪುಸ್ತಕದ ಡಿಮ್ಯಾಂಡ್ ಲೆಟರ್ ಅವರೇ ಬರೆದ್ರು, ಅವರ ವಿಭಾಗದ ಹೆಸರಲ್ಲಿ.

ನೋಡಿ, ಲೈಬ್ರರಿಯನ್ ಲೈಬ್ರರಿಗೆ ದುಡ್ಡು ಕೇಳಿದ್ರೆ ಅದು ಇನ್ನೊಂದು ಖರ್ಚು, ಅದೇ ದುಡ್ಡನ್ನ ಪಾಠ ಮಾಡೋರು ಇಂಥಾ ಅಧ್ಯಾಯಕ್ಕೆ ಬೇಕು ಅಂತ ಕೇಳಿದ್ರೆ ಶಾಲೆಯ ಕೆಲಸ. ಅವತ್ತಿಂದ ನಾನು ಒಟ್ಟು ಮೊತ್ತ ಬರೆಯೋದೇ ಬಿಟ್ಟೆ. ವಿಜ್ಞಾನಕ್ಕಿಷ್ಟು, ಸಮಾಜಕ್ಕಿಷ್ಟು, ಭಾಷೆಗಿಷ್ಟು ಅಂತ ಒಡೆದು ಹಾಕ್ತೀನಿ, ಯಾರಾದ್ರೂ ಕಟ್ ಮಾಡೋಕೆ ಬಂದ್ರೆ ಆ ವಿಭಾಗದ ಮುಖ್ಯಸ್ಥರೇ ಎದ್ದು ನಿಲ್ತಾರೆ. ದೊಡ್ಡ ಎನ್‌ಸೈಕ್ಲೋಪೀಡಿಯಾ ಸೆಟ್ಟಿನ ಲೆಕ್ಕಾನೂ ಹಾಕಿದೆ, ವರ್ಷಕ್ಕೆ ಹತ್ತೋ ಹನ್ನೆರಡೋ ಸಲ ತೆಗೀತಿದ್ರು, ಅದೇ ದುಡ್ಡಿಗೆ ಐವತ್ತು ಅರವತ್ತು ಬಿಡಿ ಪುಸ್ತಕ ಬಂದು ಒಂದೊಂದೂ ಏನಿಲ್ಲ ಅಂದ್ರೂ ಆರೇಳು ಸಲ ಹೊರಗೆ ಹೋದ್ವು. ಒಂದು ಸಲದ ಓದಿಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ಅಕೌಂಟ್ಸ್ ಸರ್‌ಗೆ ತಕ್ಷಣ ಅರ್ಥ ಆಯ್ತು.

ಹಳೇ ಪುಸ್ತಕ ತೆಗೆಯೋಕೆ ಕಮಿಟಿ ಒಪ್ಪಿಸೋದೇ ಕಷ್ಟದ ಕೆಲಸ. ಮೊದಲ ಸುತ್ತಲ್ಲಿ ಹರಿದಿದ್ದು, ಯಾರೂ ಮುಟ್ಟದ್ದು ಅಂತ ಏನೂ ತೆಗೀಲಿಲ್ಲ, ತಪ್ಪು ಮಾಹಿತಿ ಇರೋದು ಮಾತ್ರ, ಪ್ರತಿಯೊಂದಕ್ಕೂ ವಿಷಯದ ಟೀಚರ್ ಸಹಿ. ಎರಡನೇ ಸುತ್ತು ಸಲೀಸಾಯ್ತು. ಒಟ್ಟು ಐದರಲ್ಲೊಂದು ಪಾಲು ಹೊರಗೆ ಹೋಯ್ತು, ಆದ್ರೂ ಇಶ್ಯೂ ಒಂದೂವರೆ ಪಟ್ಟಾಯ್ತು, ಯಾಕಂದ್ರೆ ಒಳ್ಳೇ ಪುಸ್ತಕ ಕಣ್ಣಿಗೆ ಬೀಳೋಕೆ ಶುರುವಾಯ್ತು.

ಈ ಮಧ್ಯೆ ಕಥೆ ಪುಸ್ತಕಗಳನ್ನ ಲೇಖಕರ ಹೆಸರಿನ ಕ್ರಮ ಬಿಟ್ಟು ಪತ್ತೇದಾರಿ, ಹಾಸ್ಯ, ಸಾಹಸ ಅಂತ ಜೋಡಿಸಿ ನೋಡಿದೆ. ಚಿಕ್ಕ ಮಕ್ಕಳಿಗೆ ಬಹಳ ಹಿಡಿಸ್ತು, ದೊಡ್ಡ ತರಗತಿಯವರು ಬೇಕಾದ ಲೇಖಕ ಸಿಗ್ತಿಲ್ಲ ಅಂತ ಗೊಣಗಿದ್ರು, ಅವರ ಕಪಾಟು ಹಳೇ ಕ್ರಮಕ್ಕೇ ತಂದೆ. ಪೇರೆಂಟ್ಸ್ ಮೀಟಿಂಗಿಗೆ ಪ್ರತಿ ಮಗುವಿನ ಓದಿನ ಪಟ್ಟಿ ಪ್ರಿಂಟ್ ಹಾಕಿ ಅಂದ್ರು, ನಾನು ಪೋಷಕರ ಕೈಗೆ ಕೊಡ್ಲಿಲ್ಲ, ಮಗು ಕೈಗೇ ಕೊಟ್ಟೆ, ಇಷ್ಟ ಇದ್ರೆ ತೋರಿಸ್ಲಿ. ಯಾವ ಮಗು ಏನು ಓದ್ತು ಅನ್ನೋದು ಆ ಮಗೂದು, ಬಜೆಟ್ಟಿಗೋಸ್ಕರ ಅದನ್ನ ಹಂಚಬಾರ್ದು. ಮುಕ್ಕಾಲು ಪಾಲು ಮಕ್ಕಳು ತಾವಾಗೇ ತೋರಿಸಿದ್ರು.

ಲೈಬ್ರರಿ ಪೀರಿಯಡ್ಡನ್ನ ಸಬ್‌ಸ್ಟಿಟ್ಯೂಷನ್ನಿಗೆ ಕಿತ್ಕೊಳ್ಳೋದಕ್ಕೂ ಇದೇ ಮದ್ದು. ಹೀಗೆ ಕೈತಪ್ಪಿದ ಪ್ರತಿ ಪೀರಿಯಡ್ ಎದುರಿಗೆ ಯಾವ ಟೀಚರ್ ಜೊತೆ ಯಾವ ಪ್ರಾಜೆಕ್ಟ್ ಇತ್ತು ಅಂತ ಬರೆದಿಟ್ಟೆ, ತಿಂಗಳ ಕೊನೆಗೆ ಆ ಟೀಚರಿಗೂ ಒಂದು ಕಾಪಿ. ಪೂರ್ತಿ ನಿಂತಿಲ್ಲ, ಅರ್ಧಕ್ಕಿಂತ ಕಮ್ಮಿಯಾಗಿದೆ.

ಮೊದಲ ಟೀಚರನ್ನ ಹೇಗೆ ಆರಿಸಿದೆ ಅನ್ನೋದು, ಪ್ರಿನ್ಸಿಪಾಲರಿಗೆ ಕೊಡೋ ಒಂದು ಪುಟದ ಹಾಳೆಯಲ್ಲಿ ಮೊದಲ ಸಾಲು ಏನಿರುತ್ತೆ ಅನ್ನೋದು, ಅವೆರಡನ್ನ ಇಲ್ಲಿ ಹೇಳಲ್ಲ. ಹಾಳೆ ಮಾತ್ರ ಬಜೆಟ್ ಮೀಟಿಂಗಿಗೆ ಎರಡು ತಿಂಗಳು ಮುಂಚೆಯೇ ಹೋಗ್ಲಿ, ಮೀಟಿಂಗ್ ದಿನ ಕೊಟ್ಟ ಹಾಳೆ ಯಾರೂ ಓದಲ್ಲ. ಈ ಸಲ ನಾನು 600ರ, ಅಂದ್ರೆ ತಂತ್ರಜ್ಞಾನದ ಶೆಲ್ಫಿಗೆ ಕೈ ಹಾಕಿದ್ದೀನಿ, ಅಲ್ಲಿರೋ ಆರೋಗ್ಯದ ಪುಸ್ತಕಗಳು ಇನ್ನೂ ಹಳೇವು.