ವಿದೇಶದಲ್ಲಿ ಕಾನೂನು ಓದಬೇಕೆ? ಮೊದಲು ಆ ಎರಡು ಪುಟ ನೀವೇ ಬರೆಯಿರಿ

ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಫೈಲ್ ಹಿಡಿದುಕೊಂಡು ಕಲಬುರಗಿಯ ನನ್ನ ಆಫೀಸಿಗೆ ಬರುತ್ತಾರೆ. ‘ಮೇಡಂ, ಲಂಡನ್‌ಗೆ ಅರ್ಜಿ ಹಾಕ್ಲತ್ತೀನ್ರಿ, ಒಮ್ಮೆ ನೋಡ್ರಿ.’ ನಾನು ನೋಡುವ ಹೊತ್ತಿಗೆ ಕೊನೆಯ ದಿನಕ್ಕೆ ಮೂರೇ ದಿನ ಉಳಿದಿರುತ್ತದೆ. ಅದಕ್ಕೇ ಈ ಸಲ ಮೊದಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ ಅರ್ಜಿ ಅಲ್ಲ. ಕರಿ ಕೋಟು ಎಲ್ಲಿ ಹಾಕಿಕೊಳ್ಳುತ್ತೀರಿ ಅನ್ನುವುದನ್ನು ತೀರ್ಮಾನಿಸುವುದು. ಇಲ್ಲೇ ವಕಾಲತ್ತು ಮಾಡುವವರು ಎಲ್‌ಎಲ್‌ಬಿ ಇಲ್ಲೇ ಮುಗಿಸಿ, ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಗೆ, ಹೊರಗೆ ಹೋಗಿ. ಇದರಲ್ಲಿ ನನ್ನದು ಎರಡು ಮಾತಿಲ್ಲ. ಎಲ್‌ಎಲ್‌ಬಿಯನ್ನೇ ಹೊರಗೆ ಮಾಡಿದರೆ, ಆ ಪದವಿಯನ್ನು ಭಾರತೀಯ ವಕೀಲರ ಪರಿಷತ್ತು ಒಪ್ಪಿರಬೇಕು. ವಾಪಸ್ ಬಂದ ಮೇಲೆ ಪರಿಷತ್ತಿನ ಅರ್ಹತಾ ಪರೀಕ್ಷೆ ಬರೆಯಬೇಕು. ಆಮೇಲೆ ಸನದು, ಅಂದರೆ ವಕೀಲರಾಗಿ ನೋಂದಣಿ. ಆಮೇಲೆ ಎಲ್ಲರ ಹಾಗೆ ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ. ಸುಮ್ನೆ ಯಾಕೆ ಇಷ್ಟು ಸುತ್ತು?

ಇಂಗ್ಲೆಂಡಿನಲ್ಲಿ ಎಲ್‌ಎಲ್‌ಎಂ ಒಂದೇ ವರ್ಷ. ಅಮೆರಿಕದಲ್ಲೂ ಸುಮಾರು ಅಷ್ಟೇ, ಖರ್ಚು ಮಾತ್ರ ಜಾಸ್ತಿ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದವರು ಹುಷಾರು. ಒಂದು ವರ್ಷದ ವಿದೇಶಿ ಎಲ್‌ಎಲ್‌ಎಂ ಇಲ್ಲಿನದಕ್ಕೆ ಸಮವೇ ಅನ್ನುವ ತಕರಾರು ಪರಿಷತ್ತಿನ 2020ರ ನಿಯಮಗಳಿಂದ ಎದ್ದಿದೆ. ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು ಕಾಗದ ಪತ್ರ. ನಮ್ಮ ಕಡೆಯ ಲಾ ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವುದರಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪಟ್ಟಿ) ಅಲ್ಲಿಂದಲೇ ಬರಬೇಕು. ಎರಡು ತಿಂಗಳು ಮುಂಚೆ ಕೇಳಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಮುಂದೆ ಅಪ್ಪನ ಹೆಸರಿನ ಒಂದಕ್ಷರ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಅಡ್ಡಹೆಸರು. ಇಂಥದ್ದಿದ್ದರೆ ಈಗಲೇ ಸರಿ ಮಾಡಿಸಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಹೇಳುವುದೇನಿಲ್ಲ, ದಿನಾ ಒಂದು ಗಂಟೆ ಕೂತರೆ ಆಗುತ್ತದೆ.

ಈಗ ಎಲ್ಲರೂ ಎಡವುವ ಜಾಗ: ಎಸ್‌ಒಪಿ. ಯಾಕೆ ಓದಬೇಕು, ಓದಿ ಏನು ಮಾಡುತ್ತೀರಿ ಎಂದು ನೀವೇ ಬರೆದುಕೊಡುವ ಒಂದೆರಡು ಪುಟ. ನನ್ನ ಕಣ್ಣಿಗೆ ಬೀಳುವ ಹೆಚ್ಚಿನವು ‘ಬಾಲ್ಯದಿಂದಲೂ ನನಗೆ ನ್ಯಾಯದ ಬಗ್ಗೆ ಅಪಾರ ಒಲವು’ ಎಂದೇ ಶುರುವಾಗುತ್ತವೆ. ಎರಡನೇ ಸಾಲಿನಲ್ಲಿ ಗಾಂಧೀಜಿ, ಮೂರನೆಯದರಲ್ಲಿ ಅಂಬೇಡ್ಕರ್. ಇಬ್ಬರೂ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದವರು, ನಿಜ. ಆದರೆ ಸೀಟು ಕೇಳುತ್ತಿರುವುದು ನೀವು ಅಲ್ವಾ?

ಸೇಡಂ ಕಡೆಯ ಒಬ್ಬ ಹುಡುಗಿ ಇಂಥದ್ದೇ ತಂದಿದ್ದಳು. ‘ಹ್ವಾದ ಮಳಿಗಾಲದಾಗ ಸೀನಿಯರ್ ಕಡೆ ಏನ್ ಕೆಲಸ ಮಾಡ್ದಿ?’ ಎಂದು ಕೇಳಿದೆ. ‘ಏನಿಲ್ರಿ ಮೇಡಂ, ಒಂದು ಹೊಲದ ಕೇಸಿತ್ತು. ನಿಜಾಮ್ ಕಾಲದ ಕಾಗದ, ಎಲ್ಲಾ ಉರ್ದು. ಆಫೀಸಿನಾಗ ಓದೋರಿರಲಿಲ್ಲ. ಒಬ್ರು ಅಜ್ಜಾರ ಮನಿಗಿ ಮೂರು ದಿನ ಹೋಗಿ ಒಂದೊಂದೇ ಸಾಲು ಕೇಳಿ ಬರ್ಕೊಂಡೆ.’

ಏನಿಲ್ರಿ ಅಂತೆ! ಅವಳ ಎಸ್‌ಒಪಿ ಇದ್ದದ್ದೇ ಅಲ್ಲಿ.

ಮೊದಲ ಪ್ಯಾರಾದಲ್ಲಿ ಆ ಕಾಗದ, ಆ ಅಜ್ಜ, ಆ ಮೂರು ದಿನ. ಎರಡನೆಯದರಲ್ಲಿ ಅದರಿಂದ ಎದ್ದ ಪ್ರಶ್ನೆ: 1948ರ ನಂತರ ಸರ್ಕಾರ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ತನ್ನ ಹೊಲದ ಹಕ್ಕು ತನಗೇ ಓದಲು ಬಾರದ ಲಿಪಿಯಲ್ಲಿದ್ದರೆ ರೈತ ಏನು ಮಾಡಬೇಕು? ಮೂರನೆಯದರಲ್ಲಿ, ಆ ವಿಶ್ವವಿದ್ಯಾಲಯದ ಯಾವ ಪೇಪರ್ ಈ ಪ್ರಶ್ನೆಗೆ ಹತ್ತಿರ ಬರುತ್ತದೆ ಎಂದು ಹೆಸರು ಹಿಡಿದು ಬರೆಯಿರಿ. ಇಲ್ಲೊಂದು ಪರೀಕ್ಷೆ ಇದೆ. ವಿಶ್ವವಿದ್ಯಾಲಯದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಪ್ಯಾರಾ ಸರಿಹೋದರೆ, ಆ ಪ್ಯಾರಾ ದಂಡ. ಕೊನೆಗೆ, ಓದಿ ಬಂದು ಏನು ಮಾಡುತ್ತೀರಿ ಅನ್ನುವುದು. ‘ಸಮಾಜ ಸೇವೆ’ ಎಂದು ಬರೆದರೆ ನಾನೇ ಹೊಡೆದು ಹಾಕುತ್ತೇನೆ.

ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಐದಾರು ಸಲ ತಿದ್ದಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ಬರೆಸಬೇಡಿ. ಒಂದೇ ಕಡೆ ಬರೆಸಿದ ಇಬ್ಬರು ಹುಡುಗರ ಎಸ್‌ಒಪಿ ನನ್ನ ಟೇಬಲ್ಲಿಗೆ ಬಂದಿತ್ತು. ಎರಡರಲ್ಲೂ ಒಬ್ಬಳೇ ಅಜ್ಜಿ ಜಮೀನು ಕಳೆದುಕೊಂಡಿದ್ದಳು. ಹುಡುಗರು ಮಾತ್ರ ನೆಂಟರಲ್ಲ.

ಶಿಫಾರಸು ಪತ್ರ ನಿಮಗೆ ಪಾಠ ಮಾಡಿದವರದು, ಕೆಲಸ ಕಲಿಸಿದ ಸೀನಿಯರದು ಇರಲಿ. ಎಂಎಲ್‌ಎ ಲೆಟರ್‌ಹೆಡ್ ಅಲ್ಲಿ ನಡೆಯುವುದಿಲ್ಲ.

ದುಡ್ಡಿನ ವಿಷಯ. ಚೀವ್ನಿಂಗ್ ವಿದ್ಯಾರ್ಥಿವೇತನ ಬ್ರಿಟನ್ನಿನ ಒಂದು ವರ್ಷದ ಪೂರ್ತಿ ಖರ್ಚು ನೋಡಿಕೊಳ್ಳುತ್ತದೆ. ಅದಕ್ಕೆ 2,800 ಗಂಟೆ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ರಾಜ್ಯದ ಪ್ರಬುದ್ಧ ಯೋಜನೆ ಇವೆ. ಸ್ವಂತ ಹಣದಲ್ಲಿ ಬ್ರಿಟನ್ನಿಗೆ ಹೋಗುವವರು ಕೇಳಿ: ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ವೀಸಾಕ್ಕೆ ಕುತ್ತು. ಕಾಕಾನ ಹತ್ತಿರ ಎರಡು ದಿನಕ್ಕೆ ಕೈಗಡ ತಂದು ಹಾಕಿದವರನ್ನು ನೋಡಿದ್ದೇನೆ.

ಓದಾದ ಮೇಲೆ? ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು 2021ರಿಂದ ಎಸ್‌ಕ್ಯೂಇ ಪರೀಕ್ಷೆ ಬಂದಿದೆ. ಅದರ ಜೊತೆ ಎರಡು ವರ್ಷದ ಕೆಲಸದ ಅನುಭವವನ್ನೂ ಕೇಳುತ್ತಾರೆ. ಇಲ್ಲಿ ಆಗಲೇ ವಕೀಲರಾಗಿದ್ದವರಿಗೆ ಆ ಅನುಭವದ ಷರತ್ತಿಲ್ಲ. ಇಲ್ಲೇ ಎಲ್‌ಎಲ್‌ಬಿ ಮುಗಿಸಿ ಸನದು ತಗೊಳ್ಳಿ ಅಂದೆನಲ್ಲ, ಅದರ ಇನ್ನೊಂದು ಲಾಭ ಇದು. ಕಂಪನಿಗಳ ಕಾನೂನು ವಿಭಾಗ, ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸುವುದು) ಕೂಡ ಇವೆ. ವಾಪಸ್ ಬರುವವರಿಗೆ ಹೈಕೋರ್ಟ್ ಪೀಠ 2013ರಿಂದ ಕಲಬುರಗಿಯಲ್ಲೇ ಕಾಯಂ ಆಗಿದೆ. ಮೊದಲೆರಡು ವರ್ಷ ಕಕ್ಷಿದಾರರು ನಿಮ್ಮ ಎಲ್‌ಎಲ್‌ಎಂ ನೋಡಿ ಬರುವುದಿಲ್ಲ, ನಿಮ್ಮ ಸೀನಿಯರನ್ನು ನೋಡಿ ಬರುತ್ತಾರೆ.

ಹೊರಗೆ ಸಂಬಳದ ಕೆಲಸ ಸಿಕ್ಕಿತೇ? ಸೇರುವ ಮೊದಲು ರಾಜ್ಯ ವಕೀಲರ ಪರಿಷತ್ತಿಗೆ ಬರೆದು ಸನದನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಿಸಿ. ಪತ್ರ ತಲುಪಿದ ಸ್ವೀಕೃತಿಯನ್ನು ಮನೆಯಲ್ಲಿ ಅವ್ವನ ಕೈಗೆ ಕೊಟ್ಟು ಹೋಗಿ.